ಆಡಿನ ಹಾಲು ಇಳಿದರೆ ಮೊದಲು ನೀರಿನ ಬಕೆಟ್ ನೋಡಿ

ಕರೆಯುವ ಆಡಿನ ಹಾಲು ಇದ್ದಕ್ಕಿದ್ದಂತೆ ಇಳಿದಾಗ ಹಿಂಡಿ ಹೆಚ್ಚಿಸುವ ಮೊದಲು, ಕರೆದ ಕೂಡಲೇ ಉಗುರುಬೆಚ್ಚಗಿನ ಶುದ್ಧ ನೀರನ್ನು ಅದರ ಮುಂದಿಟ್ಟು, ಎಷ್ಟು ಕುಡಿಯಿತೆಂದು ನಾಲ್ಕೈದು ದಿನ ಅಳೆದು ನೋಡಿ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವುದರಿಂದ, ಕುಡಿಯುವುದು ಕಡಿಮೆಯಾದರೆ ಮೇವು ತಿನ್ನುವುದೂ ಹಾಲೂ ಎರಡೂ ಕುಗ್ಗುತ್ತವೆ. ಬಾಯಾರಿದ್ದರೂ ಆಡು ಹಿಕ್ಕೆ ಬಿದ್ದ ನೀರನ್ನು ಮೂಸಿ ಮುಖ ತಿರುಗಿಸುತ್ತದೆ, ಚಳಿಗಾಲದ ಬೆಳಗ್ಗೆ ತಣ್ಣೀರನ್ನು ಒಂದೆರಡು ಗುಟುಕಿಗೇ ಬಿಡುತ್ತದೆ. ಆದ್ದರಿಂದ ತಲೆಯಷ್ಟೇ ಹೊರಚಾಚಿ ಕುಡಿಯುವಂತೆ ಬಕೆಟ್ಟನ್ನು ಗೂಡಿನ ಹೊರಗಿಡಿ. ಒಳಮೈಗೆ ಬೆರಳಾಡಿಸಿದಾಗ ಲೋಳೆ ಜಾರಿದರೆ ಉಜ್ಜಿ ತೊಳೆಯಿರಿ. ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಕರೆದಾಗ ಗರಣೆ ಕಂಡರೆ, ಅಥವಾ ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ, ಅದು ಕೆಚ್ಚಲು ಬಾವಿನ ಲಕ್ಷಣವಾದ್ದರಿಂದ ನೀರಿನಿಂದ ಫಲವಿಲ್ಲ. ಕೆಳರೆಪ್ಪೆಯ ಒಳಭಾಗ ಕೆಂಪಾಗಿರದೆ ಬಿಳಿಚಿದ್ದರೆ ರಕ್ತ ಹೀರುವ ಜಂತುಹುಳುವನ್ನು ಶಂಕಿಸಬೇಕು. ಇವೆರಡರಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರಿಗೆ ತೋರಿಸಿ, ಕಾಯುವುದು ಖಂಡಿತ ಬೇಡ. ಮರಿ ಹಾಕಿ ಏಳೆಂಟು ತಿಂಗಳು ಕಳೆದ ಅಥವಾ ಮತ್ತೆ ಗಬ್ಬವಾದ ಆಡಿನ ಹಾಲು ದಿನೇದಿನೇ ಇಳಿಯುವುದು ಸಹಜ, ಅದು ಈ ಉಪಾಯದಿಂದ ಮರಳುವುದಿಲ್ಲ.