ಒಂದೇ ಕಡೆ ಸವೆದ ಬ್ರೇಕ್ ಪ್ಯಾಡು: ನನ್ನ ಅನುಭವ

ನಂದಿಬೆಟ್ಟದಿಂದ ಇಳಿಯುವಾಗ ಬೈಕಿನ ಮುಂದಿನ ಬ್ರೇಕು ಲೋಹಕ್ಕೆ ಲೋಹ ಉಜ್ಜಿದಂತೆ ಕಿರುಗುಟ್ಟಿತು. ಚಿಕ್ಕಬಳ್ಳಾಪುರದ ಮನೆಗೆ ಬಂದು, ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗವಾದ ಕ್ಯಾಲಿಪರ್ ಬಿಚ್ಚಿದಾಗ ಒಂದು ಪ್ಯಾಡಿನಲ್ಲಿ 1 ಮಿಲಿಮೀಟರಿನಷ್ಟೂ ಪದರ ಉಳಿದಿರಲಿಲ್ಲ. ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಹೀಗೆ ಒಂದೇ ಕಡೆ ಸವೆದಿದ್ದರೆ ಪ್ಯಾಡು ಬದಲಿಸಿದ ಮಾತ್ರಕ್ಕೆ ತೊಂದರೆ ತೀರುವುದಿಲ್ಲ. ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ಕೆಂಧೂಳು ಮೆತ್ತಿ, ಗ್ರೀಸು ಒಣಗಿ, ಕೈಯಿಂದ ಎಳೆದರೂ ಕದಲದಂತಾಗಿದ್ದವು. ಅವನ್ನು ಒರೆಸಿ ಸಿಲಿಕಾನ್ ಗ್ರೀಸು ಸವರಿದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನಿನ ಹೊರಮೈಯನ್ನು ಸೋಪು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದ ನಂತರವೇ ಒಳಕ್ಕೆ ತಳ್ಳಿದೆ, ಏಕೆಂದರೆ ಕೊಳೆಯ ಸಮೇತ ತಳ್ಳಿದರೆ ರಬ್ಬರ್ ಸೀಲು ಹಾಳಾಗಿ ಬ್ರೇಕ್ ಆಯಿಲ್ ಸೋರಬಹುದು. ತಳ್ಳುವಾಗ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಟ್ಯಾಂಕಿನ ಮೇಲೆ ಚೆಲ್ಲಿದರೆ ಅದು ಬಣ್ಣವನ್ನೇ ತಿನ್ನುತ್ತದೆ.

ಹಿಂದಿನ ಟೈರಿನ ಪಕ್ಕದಲ್ಲಿ 3218 ಎಂದಿತ್ತು, ಅಂದರೆ 2018ರ 32ನೇ ವಾರದ್ದು; ರಬ್ಬರು ಬಿರುಕು ಬಿಟ್ಟಿತ್ತು. ಅದನ್ನು ಅಂಗಡಿಯಲ್ಲಿ ಬದಲಿಸಿ, ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೆಂದು ನಿಂತು ನೋಡಿಕೊಂಡೆ.

ಹೊಸ ಪ್ಯಾಡು ಹಾಕಿದ ಮೇಲೆ ಲಿವರ್ ಮೊದಲ ಒತ್ತಿಗೆ ಹಿಡಿಕೆಯವರೆಗೂ ಬಂದುಬಿಟ್ಟಿತು. ಅದು ಗಟ್ಟಿಯಾಗುವವರೆಗೆ ಒತ್ತದೆ ಗಾಡಿ ಕದಲಿಸುವುದು ನಿಜಕ್ಕೂ ಅಪಾಯ. ಆಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಇಪ್ಪತ್ತು ಸಲ ಬ್ರೇಕು ಹಿಡಿದು ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆ; ಸದ್ದು ನಿಂತಿತು.