ಮುಗ್ಗರಿಸುತ್ತಿದ್ದ ಆರಾಮ ಕುರ್ಚಿ

ಮುಂಬೈಯ ಜೋಗೇಶ್ವರಿಯ ಓಶಿವಾರಾದಲ್ಲಿ ನನ್ನ ಮರಗೆಲಸದ ವರ್ಕ್‌ಶಾಪ್. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅಜ್ಜನ ಕಾಲದ ಆರಾಮ ಕುರ್ಚಿಯನ್ನು ಡೊಂಬಿವಲಿಯ ಪುಟ್ಟ ಫ್ಲಾಟಲ್ಲಿ ಎಲ್ಲಿ ಇಡ್ತಾರೆ ಮಾರಾಯಾ?” ಅದನ್ನೇ ಫ್ಲಾಟಿಗೆ ಹೊಂದುವಂತೆ ಗಿಡ್ಡ ಮಾಡಿ ಹನ್ನೊಂದು ಮಾರಿ ಆಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕುರ್ಚಿ ನಿಮಗೆ ಗೊತ್ತಿರುವುದೇ. ಕುರ್ಚಿಯ ಕೈಯ ಕೆಳಗಿನ ಪಟ್ಟಿ ಹೊರಗೆ ತಿರುಗಿಸಿ, ಅದರ ಮೇಲೆ ಕಾಲು ಚಾಚುವುದು. ಬಿಚ್ಚಿದರೆ ಹತ್ತಿರ ಹತ್ತಿರ ಐದಡಿ. ಮೊದಲ ಸಲ ಅರ್ಧ ಅಡಿ ಗಿಡ್ಡ ಮಾಡಿದೆ. ಗಿರಾಕಿ ಕಾಲು ಚಾಚಿದರು, ಕುರ್ಚಿ ಮುಂದಕ್ಕೆ ಮುಗ್ಗರಿಸಿತು. ಪುಣ್ಯಕ್ಕೆ ಎದುರಿಗೆ ಸೋಫಾ ಇತ್ತು. ಅಡ್ವಾನ್ಸ್ ವಾಪಸ್. ಎರಡನೆಯದರ ಹಿಂಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸಿದೆ. ಬೀಳಲಿಲ್ಲ ನಿಜ, ಆದರೆ ಕಸ ಗುಡಿಸುವಾಗ ಎತ್ತೋಕೇ ಆಗಲ್ಲ ಅಂತ ಮನೆಯವರು ಬೈದರು.

ದಾರಿ ಸಿಕ್ಕಿದ್ದು ಚಂಡೀಗಢದ ಕುರ್ಚಿಗಳಲ್ಲಿ. 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನರೆ ಅಲ್ಲಿನ ಕಚೇರಿಗಳಿಗೆ ಮಾಡಿಸಿದ್ದು, ತೇಗ ಮತ್ತು ಬೆತ್ತದ್ದು. ಅದರ ಕಾಲು ತಲೆಕೆಳಗಾದ ‘ವಿ’ಯಂತೆ ಅಗಲುತ್ತದೆ. ನನ್ನ ಮುಂಗಾಲನ್ನೂ ಹಾಗೇ ಸುಮಾರು ನಾಲ್ಕಿಂಚು ಮುಂದೆ ತಂದೆ. ಕೂತವರ ಭಾರ ಕುರ್ಚಿಯ ಕಾಲುಗಳ ನಡುವೆಯೇ ಬಂತು. ಮುಗ್ಗರಿಸುವುದು ನಿಂತಿತು! ಪಟ್ಟಿ ತಿರುಗುವ ಹಿತ್ತಾಳೆ ಬೋಲ್ಟಿಗೆ ಯಾವ ವಾಷರ್ ಹಾಕಿದೆ ಅಂತ ಮಾತ್ರ ಕೇಳಬೇಡಿ.

ನಡುವೆ ಒಂದು ಹುಚ್ಚು. ಇರಾನಿ ಹೋಟೆಲಿನ ಬಾಗಿದ ಕುರ್ಚಿ ಇದೆಯಲ್ವಾ, ಥೋನೆಟ್ ಅನ್ನೋ ಕುರ್ಚಿ ಕಂಪನಿಯ 1859ರ ಮಾದರಿಯ ವಂಶದ್ದು, ಹಾಗೆ ಬೆನ್ನು ಬಾಗಿಸೋಣ ಅಂತ ಹೆಂಡತಿಯ ಕುಕ್ಕರಿನ ಹಬೆಯನ್ನು ಮರದ ಪಟ್ಟಿ ಇಟ್ಟ ಪೈಪಿಗೆ ಬಿಟ್ಟೆ. ಐದು ತೇಗದ ಪಟ್ಟಿಯಲ್ಲಿ ನಾಲ್ಕು ಸೀಳಿದವು. ಥೋನೆಟ್‌ನವರದ್ದು ಬೀಚ್ (beech) ಅನ್ನೋ ಮರ, ಹಬೆಗೆ ಬಾಗುತ್ತದೆ. ನನ್ನದು ಕೆಡವಿದ ಚಾಳಿನ (ವಠಾರದ) ತೊಲೆ, ಒಣಗಿ ಕಟ್ಟಿಗೆಯಾದದ್ದು. ಒಳಗೆ ಅಡಗಿದ್ದ ಮೊಳೆಗಳಿಗೆ ಎರಡು ಗರಗಸದ ಬ್ಲೇಡೂ ಹೋದವು.

ಬೆತ್ತವನ್ನು ನೆನೆಸಿ ಹೆಣೆದರೆ ಒಣಗುತ್ತಾ ಬಿಗಿಯಬೇಕು. ಜುಲೈಯಲ್ಲಿ ಹೆಣೆದದ್ದು ನಾಲ್ಕು ದಿನವಾದರೂ ಒಣಗಲಿಲ್ಲ, ಮೇಲೆ ಬೂಷ್ಟು. ಈಗ ಮಳೆಗಾಲದಲ್ಲಿ ಮರದ ಕೆಲಸ ಮಾತ್ರ, ಹೆಣಿಗೆ ದಸರಾ ಆದ ಮೇಲೆ.

ಒಟ್ಟು ಅರವತ್ತು ಸಾವಿರದಷ್ಟು ಕಳೆದುಕೊಂಡೆ. ಈಗ ಒಂದಕ್ಕೆ ಖರ್ಚು ಇಪ್ಪತ್ತೆರಡು ಸಾವಿರ, ಮಾರುವುದು ಮೂವತ್ತೆಂಟಕ್ಕೆ. ಎರಡು ಕುರ್ಚಿಗಳ ಬಲಗೈ ಪಟ್ಟಿ ಮಳೆ ಬಂದರೆ ಈಗಲೂ ಕಿರ್ ಅನ್ನುತ್ತದೆ. ಹೋಗಿ ಮೇಣ ಉಜ್ಜಿ ಬಂದಿದ್ದೇನೆ.