ಮೂರನೇ ನೋಡ್: ಜಗಲಿಯಿಂದ ಅಡುಗೆಮನೆಗೆ

ನಮ್ಮದು ಸಾಗರ ತಾಲ್ಲೂಕಿನ ಹಳೆಯ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ದೇವರ ಕೋಣೆ, ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಲು. ಹೀಗೆ ಉದ್ದಕ್ಕೆ ಹೋಗುತ್ತದೆ. ಒಳಗಿನ ಗೋಡೆಗಳೆಲ್ಲ ಮಣ್ಣಿನವು, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಫ್ಯಾನ್ ಬೇಡ ಅನ್ನಿಸುವಷ್ಟು ತಂಪು. ವೈಫೈ ಸಿಗ್ನಲ್‌ಗೆ ಮಾತ್ರ ಆ ಗೋಡೆಗಳನ್ನು ದಾಟುವುದು ಬಹಳ ಕಷ್ಟ.

ಫೈಬರ್ ಲೈನ್ ಜಗಲಿಗೆ ಬಂದಿದೆ. ಅಲ್ಲೇ ಕಂಪನಿಯವರು ಕೊಟ್ಟ ಮೋಡೆಮ್, ಅದರ ಪಕ್ಕದಲ್ಲಿ ನಾನು ತಂದ ಮೆಶ್ ಸೆಟ್‌ನ ಮುಖ್ಯ ನೋಡ್. ಮೆಶ್ ಅಂದರೆ ಒಂದೇ ಹೆಸರಿನ ವೈಫೈಯನ್ನು ಮನೆಯೆಲ್ಲ ಹರಡುವ ಪೆಟ್ಟಿಗೆಗಳ ಗುಂಪು, ಒಂದೊಂದು ಪೆಟ್ಟಿಗೆಯೂ ಒಂದು ನೋಡ್. ಎರಡನೇ ನೋಡ್ ನಡುಮನೆಯಲ್ಲಿ. ಎರಡು ವರ್ಷ ಹೀಗೇ ನಡೆಯಿತು. ಅಡುಗೆಮನೆಗೆ ಸಿಗ್ನಲ್ ಬರುತ್ತಿರಲಿಲ್ಲ, ಬೇಕು ಅಂತ ಯಾರೂ ಕೇಳಿರಲಿಲ್ಲ.

ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಪರಿಸ್ಥಿತಿ ಬದಲಾಯಿತು. ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ. ನಮಗೆ ಬೆಳಿಗ್ಗೆ ಏಳು ಗಂಟೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ಅವಳಿಗೆ ಬಿಡುವು ಸಿಗುವುದು ಆಗಲೇ. ಅಮ್ಮ ಆ ಹೊತ್ತಿಗೆ ಒಲೆ ಮುಂದೆ ಇರುತ್ತಾರೆ. ಫೋನ್ ಬಂದಾಗಲೆಲ್ಲ ಮೂರು ಹೊಸ್ತಿಲು ದಾಟಿ ಜಗಲಿಗೆ ಬರಬೇಕು. "ತಮ್ಮಾ, ಅಕ್ಕನ ಮುಖ ಮತ್ತೆ ನಿಂತೋಯ್ತು" ಅಂತ ನಡುಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು ಒಂದು ದಿನ. ಆವತ್ತೇ ಮೂರನೇ ನೋಡ್ ಆರ್ಡರ್ ಮಾಡಿದೆ. ಅದೇ ಕಂಪನಿಯದು, ಅದೇ ಮಾಡೆಲ್. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೂರು ದಿನ ಹಿಡಿಯಿತು.

ಮೊದಲ ಸಂಜೆ ಡಬ್ಬಿಯಿಂದ ತೆಗೆದವನೇ ನೇರವಾಗಿ ಅಡುಗೆಮನೆಯ ಪ್ಲಗ್‌ಗೆ ಹಾಕಿದೆ. ಆ್ಯಪ್ ತೆರೆದು ಹೊಸ ನೋಡ್ ಸೇರಿಸು ಅಂತ ಒತ್ತಿದೆ. ಕೂಡಲೇ 'ನೋಡ್ ಸಿಕ್ಕಿದೆ' ಅಂತ ಬಂತು. ಆಮೇಲೆ ನೆಟ್‌ವರ್ಕ್‌ಗೆ ಸೇರಿಸುವ ಹಂತದಲ್ಲಿ ಚಕ್ರ ತಿರುಗಿ ತಿರುಗಿ ಕೆಂಪು ಲೈಟ್. ಮೂರು ಸಲ ಹೀಗೇ ಆಯಿತು.

'ಸಿಕ್ಕಿದೆ' ಅನ್ನುವ ಆ ಮಾತು ನನ್ನನ್ನು ತುಂಬ ಹೊತ್ತು ದಾರಿ ತಪ್ಪಿಸಿತು. ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಫೋನ್ ಹೊಸ ನೋಡ್ ಅನ್ನು ಹುಡುಕುವುದು ಬ್ಲೂಟೂತ್ ಮೂಲಕ. ಫೋನ್ ನನ್ನ ಕೈಯಲ್ಲಿದೆ, ನೋಡ್ ಎದುರಿಗೇ ಇದೆ, ಸಿಗದೆ ಏನು? ಆದರೆ ಹೊಸ ನೋಡ್ ಮಾತಾಡಬೇಕಾದದ್ದು ಜಗಲಿಯ ಮುಖ್ಯ ನೋಡ್ ಜೊತೆ, ಅದೂ ವೈಫೈಯಲ್ಲಿ. ಅವೆರಡರ ನಡುವೆ ಮೂರು ಮಣ್ಣಿನ ಗೋಡೆ. ಫೋನ್‌ಗೆ ಸಿಕ್ಕಿದೆ ಅನ್ನುವುದಕ್ಕೂ ನೆಟ್‌ವರ್ಕ್‌ಗೆ ಸಿಕ್ಕಿದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ.

ಅದಕ್ಕೇ ಸೇರಿಸುವ ಕೆಲಸವನ್ನೂ ಜಾಗ ಹುಡುಕುವ ಕೆಲಸವನ್ನೂ ಬೇರೆ ಮಾಡಿದೆ. ಹೊಸ ನೋಡ್ ಅನ್ನು ಜಗಲಿಗೆ ತಂದು ಮುಖ್ಯ ನೋಡ್‌ನಿಂದ ಆರು ಅಡಿ ದೂರದಲ್ಲಿಟ್ಟೆ. ಇಲ್ಲೂ ಸೇರದಿದ್ದರೆ ತಪ್ಪು ಗೋಡೆಯದ್ದಲ್ಲ ಅಂತ ಖಾತ್ರಿಯಾಗುತ್ತದೆ, ಅಲ್ವಾ? ಇಲ್ಲೂ ಸೇರಲಿಲ್ಲ.

ನೋಡ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದೆ. ಆಫೀಸಿನ ವಿಪಿಎನ್ (ಫೋನನ್ನು ಆಫೀಸಿನ ನೆಟ್‌ವರ್ಕ್‌ಗೆ ಜೋಡಿಸುವ ಸೌಲಭ್ಯ) ಆನ್ ಇದ್ದರೆ ಫೋನ್‌ಗೆ ಮನೆಯೊಳಗಿನ ಸಾಧನಗಳು ಕಾಣದೆ ಇರಬಹುದು, ಅದನ್ನು ಆಫ್ ಮಾಡಿದೆ. ಲೊಕೇಷನ್, ಬ್ಲೂಟೂತ್ ಅನುಮತಿ ಎರಡೂ ಕೊಟ್ಟಿದ್ದೇನಾ ಅಂತ ನೋಡಿದೆ. ಅಡಾಪ್ಟರ್ ಮೇಲಿನ ಅಕ್ಷರವನ್ನೂ ಓದಿದೆ. ಮೋಡೆಮ್‌ನ ಅಡಾಪ್ಟರ್ 12 ವೋಲ್ಟ್ 1 ಆಂಪಿಯರ್, ನೋಡ್‌ನದು 12 ವೋಲ್ಟ್ 1.5 ಆಂಪಿಯರ್. ಎರಡರ ಪಿನ್ ಒಂದೇ ಅಳತೆ, ಬಣ್ಣವೂ ಒಂದೇ. ಅದಲುಬದಲಾದರೆ ಲೈಟ್ ಹತ್ತುತ್ತದೆ, ಆದರೆ ಕೆಲಸ ಜಾಸ್ತಿ ಆದಾಗ ನೋಡ್ ತಾನೇ ಆಫ್ ಆಗಿ ಆನ್ ಆಗಬಹುದು. ನನ್ನದು ಸರಿಯಾಗಿಯೇ ಇತ್ತು. ಆದರೂ ಆವತ್ತೇ ಮಾರ್ಕರ್‌ನಲ್ಲಿ ಪ್ರತಿ ಅಡಾಪ್ಟರ್ ಮೇಲೂ ಯಾವುದರದು ಅಂತ ಬರೆದಿಟ್ಟೆ.

ಸಹಾಯವಾಣಿಗೆ ಫೋನ್ ಮಾಡಿದರೆ ಬಾಕ್ಸ್ ಹಾಳಾಗಿದೆ, ವಾಪಸ್ ಕಳಿಸಿ ಅಂದರು. ಕಳಿಸುವ ಮೊದಲು ಒಂದು ವಿಷಯ ನೋಡಬೇಕು ಅನ್ನಿಸಿತು. ಹೊಸ ಬಾಕ್ಸ್ ಮೇಲಿನ ತಯಾರಿಕೆಯ ತಿಂಗಳು ಇತ್ತೀಚಿನದು. ನನ್ನ ಹಳೆಯ ಎರಡು ನೋಡ್‌ಗಳು ತಂದ ದಿನದ ಒಳ ತಂತ್ರಾಂಶದಲ್ಲೇ, ಅಂದರೆ ಹಳೆಯ ಫರ್ಮ್‌ವೇರ್‌ನಲ್ಲೇ ಇದ್ದವು. ಕೆಲಸದ ಮಧ್ಯೆ ರೀಸ್ಟಾರ್ಟ್ ಆಗಬಾರದು ಅಂತ ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯವನ್ನು ನಾನೇ ಆಫ್ ಮಾಡಿದ್ದೆ. ಎರಡು ವರ್ಷದ ಹಳೆಯ ಭಾಷೆ ಆಡುವವರ ಜೊತೆ ಹೊಸಬ ಹೇಗೆ ಮಾತಾಡಬೇಕು?

ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ನೋಡ್ ಪೂರ್ತಿ ಕೆಡಬಹುದು. ನಮ್ಮಲ್ಲಿ ಏಪ್ರಿಲ್ ಸಂಜೆ ಅಂದರೆ ಗುಡುಗು, ಕರೆಂಟ್ ಹೋಗುವುದು ಎರಡೂ ಮಾಮೂಲು. ಅದಕ್ಕೆ ಮರುದಿನ ಬೆಳಿಗ್ಗೆ ಎರಡೂ ನೋಡ್‌ಗಳನ್ನು ಇನ್ವರ್ಟರ್ ಲೈನ್‌ಗೆ ಹಾಕಿ ಅಪ್‌ಡೇಟ್ ಮಾಡಿದೆ. ಕಾಲು ಗಂಟೆ ಹಿಡಿಯಿತು. ಆಮೇಲೆ ಹೊಸ ನೋಡ್ ಸೇರಿಸಿದೆ. ಒಂದೇ ಸಲಕ್ಕೆ ಸೇರಿತು, ಒಂದು ನಿಮಿಷವೂ ಬೇಕಾಗಲಿಲ್ಲ.

ಖುಷಿಯಿಂದ ಅಡುಗೆಮನೆಗೆ ಒಯ್ದೆ. ನೋಡ್ ಬದುಕಿತ್ತು, ಅಕ್ಕನ ಮುಖ ಮಾತ್ರ ಮತ್ತೆ ನಿಲ್ಲುತ್ತಿತ್ತು.

ಇಲ್ಲಿಂದ ಅಂದಾಜು ಬಿಟ್ಟು ಅಳೆಯಲು ಕೂತೆ. ಸಿಗ್ನಲ್ ಅಳೆಯುವ ಆ್ಯಪ್‌ಗಳು ಫ್ರೀಯಾಗಿ ಸಿಗುತ್ತವೆ. ಅದರಲ್ಲಿ ಬರುವುದು ಮೈನಸ್ ಸಂಖ್ಯೆ, ಡಿಬಿಎಂ ಲೆಕ್ಕ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಹತ್ತು ಅಂಕಿ ಕೆಳಗಿಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಯಿತು ಅಂತ ಅರ್ಥ. ಮೈನಸ್ 65ರ ಆಸುಪಾಸು ಇದ್ದರೆ ವಿಡಿಯೊ ಕರೆ ಚೆನ್ನಾಗಿ ನಡೆಯುತ್ತದೆ. ಮೈನಸ್ 75 ದಾಟಿದರೆ ಕಷ್ಟ. ಹೊಸ ನೋಡ್ ಆಫ್ ಮಾಡಿ, ಫೋನ್ ಹಿಡಿದು ಜಗಲಿಯಿಂದ ಹಿತ್ತಲಿನವರೆಗೆ ನಡೆದೆ. ನನ್ನ ವೈಫೈ 5 ಮತ್ತು 2.4 ಗಿಗಾಹರ್ಟ್ಸ್ ಅನ್ನುವ ಎರಡು ತರಂಗ ಪಟ್ಟಿಗಳಲ್ಲಿ ಬರುತ್ತದೆ. ನಡುಮನೆಯಲ್ಲಿ 5 ಗಿಗಾಹರ್ಟ್ಸ್‌ನ ಸಿಗ್ನಲ್ ಮೈನಸ್ 48. ದೇವರ ಕೋಣೆಯ ಪಕ್ಕದ ಓಣಿಯಲ್ಲಿ 63. ಅಡುಗೆಮನೆಯಲ್ಲಿ 81. ಒಂದೇ ಒಂದು ಗೋಡೆಗೆ 18 ಅಂಕಿ ಹೇಗೆ ಹೋಯಿತು ಅಂತ ನೋಡಿದರೆ, ಆ ಗೋಡೆಗೆ ಒರಗಿ ಕಬ್ಬಿಣದ ಬೀರು ನಿಂತಿತ್ತು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಕಬ್ಬಿಣವೂ ಕನ್ನಡಿಯ ಹಿಂದಿನ ಲೋಹದ ಲೇಪವೂ ಸಿಗ್ನಲ್ ಅನ್ನು ವಾಪಸ್ ತಳ್ಳುತ್ತವೆ. 2.4 ಗಿಗಾಹರ್ಟ್ಸ್ ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಅದರಲ್ಲಿ ಅಡುಗೆಮನೆಗೆ ಮೈನಸ್ 70 ಬರುತ್ತಿತ್ತು. ಆದರೆ ವೇಗ ಕಡಿಮೆ.

ಹೊಸದಾಗಿ ನೋಡ್ ಹಾಕುವವರಿಗೆ ನಾನು ಬೇಡಿಕೊಳ್ಳುವುದು ಇದೊಂದನ್ನೇ. ಸಿಗ್ನಲ್ ಸತ್ತ ಜಾಗದಲ್ಲಿ ನೋಡ್ ಇಡಬೇಡಿ. ಅಲ್ಲಿ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ, ಸುಮ್ನೆ ಲೈಟ್ ಉರಿಸಿಕೊಂಡು ಕೂರುತ್ತದೆ. ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕೊನೆಯ ಜಾಗ ಯಾವುದೋ ಅಲ್ಲಿಡಿ. ನನಗೆ ಅದು ಓಣಿ. ಗೋಡೆಯ ಗೂಡಿನಲ್ಲಿ, ನೆಲದಿಂದ ಐದು ಅಡಿ ಎತ್ತರದಲ್ಲಿಟ್ಟೆ. ಅಮ್ಮನ ಒಪ್ಪಿಗೆ ತೆಗೆದುಕೊಂಡು ಬೀರುವನ್ನು ಪಕ್ಕದ ಗೋಡೆಗೆ ಸರಿಸಿದೆವು.

ಕರೆ ನಿಲ್ಲುವುದು ನಿಂತಿತು. ವೇಗ ನೋಡಿದರೆ ನಮ್ಮದು 200 ಎಂಬಿಪಿಎಸ್ ಪ್ಲಾನ್, ಜಗಲಿಯಲ್ಲಿ 190, ನಡುಮನೆಯಲ್ಲಿ 85, ಓಣಿಯಲ್ಲಿ 30. ನನ್ನ ಸೆಟ್‌ನ ನೋಡ್ ತಂತಿಯಿಲ್ಲದೆ ಕೆಲಸ ಮಾಡುವಾಗ ಒಂದೇ ರೇಡಿಯೊದಲ್ಲಿ ಹಿಂದಿನವನಿಂದ ಕೇಳಿಸಿಕೊಂಡು ಮುಂದಿನವನಿಗೆ ಹೇಳಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಹಾಗಾಗಿ ಒಂದೊಂದು ನೋಡ್ ದಾಟಿದಾಗಲೂ ವೇಗ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಅಮ್ಮನ ಕರೆಗೆ 30 ಧಾರಾಳ. ಆದರೆ ನಾನು ಮನೆಯಿಂದ ಕೆಲಸ ಮಾಡುವುದು ಅಡುಗೆಮನೆಯ ಮೇಲಿನ ಮೆತ್ತಿನಲ್ಲಿ. ಅದಕ್ಕೆ ಕೇಬಲ್ ಎಳೆಯುವುದು ಅಂತ ತೀರ್ಮಾನ ಮಾಡಿದೆ.

ಅಟ್ಟದ ಮೇಲಿಂದ ಮೂವತ್ತು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆವು. ಊರಿನ ಎಲೆಕ್ಟ್ರಿಷಿಯನ್ ಅಣ್ಣ ಎರಡೂ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಕೊಟ್ಟರು. ಮುಖ್ಯ ನೋಡ್‌ಗೆ ಇರುವುದು ಎರಡೇ ಪೋರ್ಟ್. ಒಂದಕ್ಕೆ ಮೋಡೆಮ್‌ನ ತಂತಿ, ಇನ್ನೊಂದಕ್ಕೆ ಟಿವಿಯದು. ಮೋಡೆಮ್‌ನಲ್ಲಿ ಪೋರ್ಟ್‌ಗಳು ಖಾಲಿ ಇದ್ದವು. ಅದಕ್ಕೆ ಹಾಕಿದೆ.

ಹತ್ತು ನಿಮಿಷದಲ್ಲಿ ಇಡೀ ಮನೆಯ ನೆಟ್ ಕೆಟ್ಟಿತು. ಅಪ್ಪನ ಫೋನ್‌ನಲ್ಲಿ ಬರುತ್ತದೆ, ನನ್ನದರಲ್ಲಿ ಇಲ್ಲ. ಸ್ವಲ್ಪ ಹೊತ್ತಿಗೆ ಉಲ್ಟಾ. ನೋಡ್ ಒಮ್ಮೆ ಹಸಿರು, ಒಮ್ಮೆ ಕೆಂಪು. ಆವತ್ತಿನ ಮಧ್ಯಾಹ್ನ ಪೂರ್ತಿ ಇದರಲ್ಲೇ ಹೋಯಿತು. ಕೊನೆಗೆ ಸುಳಿವು ಕೊಟ್ಟದ್ದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್ ಪ್ರತಿ ಸಾಧನಕ್ಕೂ ಕೊಡುವ ಸಂಖ್ಯೆ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನೋಡಿದರೆ ಅಪ್ಪನ ಫೋನ್‌ಗೆ 192.168.1 ಅಂತ ಶುರುವಾಗುವ ವಿಳಾಸ, ನನ್ನದಕ್ಕೆ 192.168.0 ಅಂತ. ಒಂದೇ ಹೆಸರಿನ ವೈಫೈ, ವಿಳಾಸ ಹಂಚುವವರು ಇಬ್ಬರು!

ಆಗಿದ್ದು ಇಷ್ಟು. ಮೋಡೆಮ್ ತಾನೂ ಒಂದು ರೂಟರ್, ವಿಳಾಸ ಹಂಚುತ್ತದೆ. ಮುಖ್ಯ ನೋಡ್ ಕೂಡ ರೂಟರ್, ತನ್ನ ಹಿಂದೆ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಅದರ ವಿಳಾಸ ಹಂಚುತ್ತದೆ. ಮೂರನೇ ನೋಡ್ ಗಾಳಿಯಲ್ಲಿ ಮುಖ್ಯ ನೋಡ್‌ನ ಕೈ ಹಿಡಿದಿತ್ತು, ತಂತಿಯಲ್ಲಿ ಮೋಡೆಮ್‌ನ ಕೈ ಹಿಡಿದಿತ್ತು. ಬೇರೆ ಬೇರೆ ಇರಬೇಕಾದ ಎರಡು ನೆಟ್‌ವರ್ಕ್‌ಗಳನ್ನು ನಾನು ಹಾಕಿದ ತಂತಿ ಒಂದು ಮಾಡಿತ್ತು. ಮೆಶ್ ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ ಉಳಿದ ನೋಡ್‌ಗಳ ತಂತಿ ಮುಖ್ಯ ನೋಡ್‌ನಿಂದಲೇ ಹೊರಡಬೇಕು. ಮೋಡೆಮ್‌ನಿಂದ ಖಂಡಿತ ಅಲ್ಲ.

ಇದಕ್ಕೆ ಎರಡು ದಾರಿ ಇತ್ತು. ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ವಿಳಾಸ ಹಂಚುವುದು ಮೋಡೆಮ್ ಒಂದೇ ಆಗುತ್ತದೆ, ಆಗ ಯಾವ ಪೋರ್ಟ್ ಆದರೂ ನಡೆಯುತ್ತದೆ. ಆದರೆ ನನ್ನ ಸೆಟ್‌ನಲ್ಲಿ ಹಾಗೆ ಮಾಡಿದರೆ ಅಣ್ಣನ ಮಗಳಿಗೆ ಹಾಕಿರುವ ರಾತ್ರಿಯ ಸಮಯದ ಮಿತಿ ಹೋಗುತ್ತದೆ, ಅತ್ತಿಗೆ ಒಪ್ಪುವುದಿಲ್ಲ. ಅದಕ್ಕೆ ಐದು ಪೋರ್ಟಿನ ಚಿಕ್ಕ ಗಿಗಾಬಿಟ್ (1000 ಎಂಬಿಪಿಎಸ್ ವೇಗದ) ನೆಟ್‌ವರ್ಕ್ ಸ್ವಿಚ್ ತಂದೆ, ಒಂದು ಪೋರ್ಟನ್ನು ಹಲವಕ್ಕೆ ಹಂಚುವ ಪೆಟ್ಟಿಗೆ ಅದು. ಮುಖ್ಯ ನೋಡ್‌ನಿಂದ ಸ್ವಿಚ್‌ಗೆ ಒಂದು ತಂತಿ, ಸ್ವಿಚ್‌ನಿಂದ ಟಿವಿಗೆ ಒಂದು, ಓಣಿಯ ನೋಡ್‌ಗೆ ಒಂದು. ಎಲ್ಲ ಆಫ್ ಮಾಡಿ, ಮೊದಲು ಮೋಡೆಮ್, ಅದು ಸ್ಥಿರವಾದ ಮೇಲೆ ಮುಖ್ಯ ನೋಡ್, ಆಮೇಲೆ ಸ್ವಿಚ್ ಮತ್ತು ಉಳಿದ ನೋಡ್‌ಗಳು, ಈ ಸಾಲಿನಲ್ಲಿ ಆನ್ ಮಾಡಿದೆ. ಫೋನ್‌ಗಳ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಎಲ್ಲದಕ್ಕೂ 192.168.0 ವಿಳಾಸವೇ ಬಂತು.

ಓಣಿಯಲ್ಲಿ ವೇಗ 94. ಎಷ್ಟು ಸಲ ಅಳೆದರೂ 94. ಈ ಸಂಖ್ಯೆ ಕಂಡರೆ ಸಿಗ್ನಲ್ ಬಿಡಿ, ಕೇಬಲ್ ನೋಡಿ. ಕೇಬಲ್‌ನೊಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯೋ ಕಂದೋ ಸಡಿಲವಾಗಿದ್ದರೆ ಎರಡೂ ಕಡೆಯವರು 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತಾರೆ, ಕೈಗೆ ಸಿಗುವುದು 94ರ ಹತ್ತಿರ. ನನ್ನ ಸ್ವಿಚ್‌ನಲ್ಲೂ ಆ ಪೋರ್ಟಿನ ಲೈಟ್ ಬೇರೆ ಬಣ್ಣದಲ್ಲಿತ್ತು. ಓಣಿಯ ತುದಿಯ ಕನೆಕ್ಟರ್ ಬೆಳಕಿಗೆ ಹಿಡಿದು ನೋಡಿದರೆ ಕಂದು ತಂತಿ ತುದಿ ಮುಟ್ಟಿರಲಿಲ್ಲ. ಎಲೆಕ್ಟ್ರಿಷಿಯನ್ ಅಣ್ಣ ಮತ್ತೆ ಬಂದು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಅಂತ ಜೋಡಿಸಿ ಹೊಸದಾಗಿ ಒತ್ತಿದರು. ಓಣಿಯಲ್ಲೂ 188 ಬಂತು.

ಕೊನೆಯ ತೊಡಕು ಅಮ್ಮನ ಫೋನ್. ಅಡುಗೆಮನೆಯಲ್ಲಿ ನಿಂತರೂ ಜಗಲಿಯ ನೋಡನ್ನೇ ಹಿಡಿದುಕೊಂಡಿರುತ್ತಿತ್ತು. ಯಾವ ನೋಡ್ ಹಿಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಫೋನ್, ನೋಡ್ ಸಲಹೆ ಕೊಡಬಹುದು ಅಷ್ಟೇ. ಆ್ಯಪ್‌ನಲ್ಲಿ ಫಾಸ್ಟ್ ರೋಮಿಂಗ್ (ಫೋನ್ ಒಂದು ನೋಡ್ ಬಿಟ್ಟು ಇನ್ನೊಂದನ್ನು ಬೇಗ ಹಿಡಿಯಲು ನೆರವಾಗುವ ಸೌಲಭ್ಯ) ಆನ್ ಮಾಡಿದ ಮೇಲೆ ಸರಿಯಾಯಿತು. ಗೇಟಿನ ಹಳೆಯ ಕ್ಯಾಮೆರಾಗೆ ಅದು ಹಿಡಿಸಲಿಲ್ಲ, ಕನೆಕ್ಟ್ ಆಗುವುದನ್ನೇ ಬಿಟ್ಟಿತು. ಅದಕ್ಕೆ ಬೇರೆ ಹೆಸರಿನ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿ ಅಲ್ಲಿಗೆ ಸೇರಿಸಿದೆ.

ಈಗ ಬೆಳಿಗ್ಗೆ ಏಳಕ್ಕೆ ಫೋನ್ ಸಾಂಬಾರ ಡಬ್ಬಿಗೆ ಒರಗಿ ನಿಂತಿರುತ್ತದೆ. ಅಮ್ಮ ದೋಸೆ ಹೊಯ್ಯುತ್ತಲೇ ಅಕ್ಕನಿಗೆ ಊರ ಸುದ್ದಿ ಹೇಳುತ್ತಾರೆ.

ಇನ್ನು ಬಾಕಿ ಇರುವುದು ಕೊಟ್ಟಿಗೆ. ಗೌರಿ ಆಷಾಢದಲ್ಲಿ ಕರು ಹಾಕಬೇಕು. ರಾತ್ರಿ ಎದ್ದು ಮಳೆಯಲ್ಲಿ ನೋಡಿಬರುವುದು ಅಮ್ಮನಿಗೆ ಇನ್ನು ಆಗುವುದಿಲ್ಲ, ಒಂದು ಕ್ಯಾಮೆರಾ ಹಾಕಬೇಕು. ಅಲ್ಲಿ ಅಳೆದೆ, ಮೈನಸ್ 79. ಅಂಗಳ ದಾಟಿಸಿ ತಾಮ್ರದ ಲ್ಯಾನ್ ಕೇಬಲ್ ಎಳೆಯುವ ಧೈರ್ಯ ನನಗಿಲ್ಲ. ಹಿಂದಿನ ವರ್ಷ ಸಿಡಿಲಿಗೆ ಮೋಡೆಮ್‌ನ ಒಂದು ಪೋರ್ಟ್ ಸುಟ್ಟುಹೋಗಿತ್ತು, ಹೊರಗಿನ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಕ್ಕೆ ತರುತ್ತದೆ. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ನಲವತ್ತು ಮೀಟರ್ ಫೈಬರ್, ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರ್ ಅನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಬೇಕು ಅಂತ ಪಟ್ಟಿ ಮಾಡಿದ್ದೇನೆ. ಮಳೆ ಹಿಡಿಯುವ ಮೊದಲು ಪೈಪಿನೊಳಗೆ ಹಾಕಿ ಮುಗಿಸಬೇಕು.